ಎಕ್ಸ್‌ಚೇಂಜ್ ಡೇಟಾಬೇಸ್‌ನಿಂದ ಮೇಲ್‌ಬಾಕ್ಸ್‌ಗಳನ್ನು ಹೊರತೆಗೆಯುವ ಕ್ರಮ

ಮಳೆಗಾಲದಲ್ಲಿ ಮರ ಬಿದ್ದು, ತಂತಿ ತುಂಡಾಗಿ, ಎರಡು ಮೂರು ದಿನ ಕರೆಂಟ್ ಇಲ್ಲದಿರುವುದು ಕೊಡಗಿನವರಿಗೆ ಹೊಸತಲ್ಲ. ಯುಪಿಎಸ್ ಬ್ಯಾಟರಿ ಮುಗಿಯುವ ಹೊತ್ತಿಗೆ ಸರ್ವರನ್ನು ಕ್ರಮವಾಗಿ ಆಫ್ ಮಾಡುವವರು ಕಚೇರಿಯಲ್ಲಿ ಇಲ್ಲದಿದ್ದರೆ, ಕರೆಂಟ್ ಮರಳಿದ ದಿನ ಯಂತ್ರ ಚಾಲೂ ಆದರೂ ಮೈಕ್ರೋಸಾಫ್ಟ್‌ನ ಮೇಲ್ ಸರ್ವರ್ ಆದ ಎಕ್ಸ್‌ಚೇಂಜ್‌ನ ಡೇಟಾಬೇಸ್ ಮೌಂಟ್ ಆಗದೆ, ಅಂದರೆ ಬಳಕೆಗೆ ತೆರೆದುಕೊಳ್ಳದೆ, ಉಳಿಯಬಹುದು. ಕಾಫಿ ತೋಟದ ಅಥವಾ ಕ್ಯೂರಿಂಗ್ ವರ್ಕ್ಸ್‌ನ ಕಚೇರಿಗೆ ಇದು ಸಣ್ಣ ತೊಂದರೆಯಲ್ಲ. ಖರೀದಿದಾರರಿಗೆ ಕಳಿಸಿದ ಸ್ಯಾಂಪಲ್‌ಗಳ ವಿವರ, ಒಪ್ಪಿದ ದರ, ಸಾಗಣೆಯ ಕಾಗದಪತ್ರ ಎಲ್ಲವೂ ಆ ಮೇಲ್‌ಗಳಲ್ಲೇ ಇರುತ್ತವೆ. ಎಕ್ಸ್‌ಚೇಂಜ್ 2016 ಮತ್ತು 2019ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿರುವುದರಿಂದ, ಹಳೆಯ ಸರ್ವರನ್ನು ಬಿಡುತ್ತಿರುವವರಿಗೂ ಡೇಟಾಬೇಸ್‌ನಿಂದ ಮೇಲ್‌ಬಾಕ್ಸ್‌ಗಳನ್ನು ಹೊರತೆಗೆಯುವ ಇದೇ ಕೆಲಸ ಎದುರಾಗುತ್ತಿದೆ. ಮುಂದೆ ಬರುವ ಆದೇಶಗಳನ್ನು ಇಲ್ಲಿ ಉಚ್ಚಾರಣೆಯಂತೆ ಬರೆದಿದ್ದೇನೆ; ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು, ಎಕ್ಸ್‌ಚೇಂಜ್‌ಗೆ ಆದೇಶ ಕೊಡುವ ಕಿಟಕಿಯಾದ ಶೆಲ್‌ನ ಆದೇಶಗಳ ಕ್ರಿಯಾಪದಕ್ಕೂ ಹೆಸರಿಗೂ ನಡುವೆ ಅಡ್ಡಗೆರೆ ಹಾಕಬೇಕು.

ಮೊದಲ ಕೆಲಸ ನಕಲು. ಮೇಲ್‌ಗಳಿರುವ ಡೇಟಾಬೇಸ್ ಕಡತವಾದ ಇಡಿಬಿಯನ್ನು ಮಾತ್ರವಲ್ಲ, ಅದರ ಲಾಗ್ ಫೋಲ್ಡರ್ ಪೂರ್ತಿಯನ್ನೂ, ಯಾವ ಲಾಗ್‌ವರೆಗೆ ಡೇಟಾಬೇಸ್‌ಗೆ ಸೇರಿದೆ ಎಂದು ಗುರುತಿಡುವ ಚೆಕ್‌ಪಾಯಿಂಟ್ ಕಡತವನ್ನೂ ಬೇರೆ ಡಿಸ್ಕ್‌ಗೆ ನಕಲು ಮಾಡಿ. ಮುಂದಿನ ಎಲ್ಲ ಪ್ರಯೋಗವೂ ಆ ನಕಲಿನ ಮೇಲೆಯೇ ನಡೆಯಬೇಕು, ಮೂಲವನ್ನು ಮುಟ್ಟಬಾರದು. ಎಕ್ಸ್‌ಚೇಂಜ್ ಪ್ರತಿ ಬದಲಾವಣೆಯನ್ನೂ ಮೊದಲು 1 ಎಂಬಿ ಗಾತ್ರದ ಲಾಗ್‌ಗಳಲ್ಲಿ ಬರೆದು, ಅನಂತರ ನಿಧಾನವಾಗಿ ಡೇಟಾಬೇಸ್‌ಗೆ ಸೇರಿಸುತ್ತದೆ. ಆದ್ದರಿಂದ ಕರೆಂಟ್ ಹೋದ ಗಳಿಗೆಯ ಕೊನೆಯ ಮೇಲ್‌ಗಳು ಇಡಿಬಿಯಲ್ಲಿ ಇಲ್ಲದೆ ಲಾಗ್‌ನಲ್ಲಿ ಮಾತ್ರ ಇರುವ ಸಾಧ್ಯತೆಯಿದೆ.

ನಕಲು ಮುಗಿದ ಮೇಲೆ ಅದರ ಸ್ಥಿತಿಯನ್ನು ನೋಡಬೇಕು. ಎಕ್ಸ್‌ಚೇಂಜ್‌ನ ಡೇಟಾಬೇಸ್ ಸಾಧನವಾದ ಇಎಸ್‌ಇಯುಟಿಲ್‌ನ ‘ಇಎಸ್‌ಇಯುಟಿಲ್ /ಎಂಎಚ್’ ಎಂಬ ಆದೇಶಕ್ಕೆ ಇಡಿಬಿಯ ವಿಳಾಸ ಕೊಟ್ಟರೆ ಪರದೆಯ ತುಂಬ ಸಾಲುಗಳು ಬರುತ್ತವೆ. ನಮಗೆ ಬೇಕಾದವು ಎರಡೇ. ‘ಸ್ಟೇಟ್’ ಎಂಬಲ್ಲಿ ಕ್ಲೀನ್ ಶಟ್‌ಡೌನ್ (ಲಾಗ್‌ಗಳೆಲ್ಲ ಸೇರಿ ಕ್ರಮವಾಗಿ ಮುಚ್ಚಿದೆ) ಎಂದಿದ್ದರೆ ನೇರವಾಗಿ ಮುಂದೆ ಹೇಳುವ ರಿಕವರಿ ಡೇಟಾಬೇಸ್‌ನ ಹಂತಕ್ಕೆ ಹೋಗಬಹುದು. ಡರ್ಟಿ ಶಟ್‌ಡೌನ್ (ಕೆಲವು ಲಾಗ್‌ಗಳು ಇನ್ನೂ ಸೇರಿಲ್ಲ) ಎಂದಿದ್ದರೆ, ಬೇಕಾದ ಲಾಗ್‌ಗಳನ್ನು ಹೇಳುವ ‘ಲಾಗ್ ರಿಕ್ವೈರ್ಡ್’ ಎಂಬ ಸಾಲನ್ನು ಕಾಗದದ ಮೇಲೆ ಬರೆದುಕೊಳ್ಳಿ. ಉದಾಹರಣೆಗೆ ಅಲ್ಲಿ 41872-41876 ಎಂದಿದ್ದರೆ, ಪಕ್ಕದ ಆವರಣದಲ್ಲಿ ಅದೇ ಸಂಖ್ಯೆಗಳು ಹದಿನಾರರ ಲೆಕ್ಕದ ಬರಹವಾದ ಹೆಕ್ಸಾಡೆಸಿಮಲ್‌ನಲ್ಲಿ ಎ390ರಿಂದ ಎ394 ಎಂದು ಕಾಣುತ್ತವೆ. ಲಾಗ್ ಕಡತಗಳ ಹೆಸರು ಹೆಕ್ಸಾಡೆಸಿಮಲ್‌ನಲ್ಲೇ ಇರುವುದರಿಂದ ನೀವು ಹುಡುಕಬೇಕಾದದ್ದು 41872 ಅಲ್ಲ, ಇ00 ಎಂದು ಶುರುವಾಗಿ ಎ390 ಎಂದು ಮುಗಿಯುವ ಕಡತ. ಸರಣಿಯ ಕೊನೆಯದು ಆಗಿನ್ನೂ ಬರೆಯಲ್ಪಡುತ್ತಿದ್ದ ಲಾಗ್ ಆಗಿದ್ದರೆ ಅದಕ್ಕೆ ಸಂಖ್ಯೆ ಇರುವುದಿಲ್ಲ, ಬರೀ ಇ00 ಎಂದಿರುತ್ತದೆ. ಅದು ಕಾಣೆಯಾಗಿದೆ ಎಂದು ಗಾಬರಿಯಾಗಬೇಕಿಲ್ಲ.

ಬೇಕಾದ ಲಾಗ್‌ಗಳೆಲ್ಲ ಇದ್ದರೆ, ಅವನ್ನು ಡೇಟಾಬೇಸ್‌ಗೆ ಸೇರಿಸುವ ರಿಕವರಿಗೆ ‘ಇಎಸ್‌ಇಯುಟಿಲ್ /ಆರ್ ಇ00’ ಎಂದು ಬರೆದು, ‘/ಎಲ್’ ಜೊತೆಗೆ ಲಾಗ್‌ಗಳ ಜಾಗವನ್ನೂ ‘/ಡಿ’ ಜೊತೆಗೆ ಡೇಟಾಬೇಸ್‌ನ ಜಾಗವನ್ನೂ ಕೊಡಿ. ಲಾಗ್‌ಗಳಲ್ಲಿ ಮೂಲ ಡೇಟಾಬೇಸ್‌ನ ವಿಳಾಸವೇ ದಾಖಲಾಗಿರುವುದರಿಂದ, ನಕಲಿನ ಜಾಗವನ್ನು ತಿಳಿಸುವುದನ್ನು ಮರೆಯಬಾರದು. ಮುಗಿದ ಮೇಲೆ /ಎಂಎಚ್ ಮತ್ತೊಮ್ಮೆ ಓಡಿಸಿ, ಕ್ಲೀನ್ ಶಟ್‌ಡೌನ್ ಬಂದಿದೆಯೇ ಎಂದು ಕಣ್ಣಾರೆ ನೋಡಿ.

ಸಿದ್ದಾಪುರದ ಕಡೆಯ ಒಂದು ಕಚೇರಿಯಲ್ಲಿ ನಾನು ಇದೇ ಹಂತದಲ್ಲಿ ಸೋತೆ. ಸರಿಯಾದ ಬ್ಯಾಕಪ್ ಆಗದಿದ್ದರೆ ಹಳೆಯ ಲಾಗ್‌ಗಳು ತಾವಾಗಿ ಅಳಿಯುವುದಿಲ್ಲ, ಡಿಸ್ಕ್ ತುಂಬುತ್ತದೆ. ಅಲ್ಲಿ ತಿಂಗಳುಗಟ್ಟಲೆ ಬ್ಯಾಕಪ್ ಆಗಿರಲಿಲ್ಲ, ಜಾಗ ಸಾಲದೆಂದು ಯಾರೋ ಲಾಗ್‌ಗಳನ್ನು ಕೈಯಿಂದಲೇ ಅಳಿಸಿದ್ದರು. ರಿಕವರಿ -528 ಎಂಬ ದೋಷ ತೋರಿಸಿ ನಿಂತಿತು, ಅಂದರೆ ಲಾಗ್ ಕಡತ ಕಾಣೆಯಾಗಿದೆ ಎಂದರ್ಥ. ಕೊನೆಗೆ ‘/ಪಿ’ ರಿಪೇರಿಯನ್ನೇ ಮಾಡಬೇಕಾಯಿತು. /ಪಿ ಕೆಟ್ಟ ಪುಟಗಳನ್ನು ಸರಿಪಡಿಸಲಾಗದಿದ್ದರೆ ಕಿತ್ತೆಸೆದು ಉಳಿದುದನ್ನು ಹೊಂದಿಸುತ್ತದೆ; ಹೋದ ಮೇಲ್ ಯಾವುದು ಎಂದು ಹೇಳುವುದಿಲ್ಲ. ಬ್ಯಾಕಪ್ ಇಲ್ಲ, ಲಾಗ್ ಇಲ್ಲ, ಬೇರೆ ದಾರಿಯೇ ಇಲ್ಲ ಎಂದಾದಾಗ ಮಾತ್ರ ಅದನ್ನು ಬಳಸಿ, ಅದೂ ನಕಲಿನ ಮೇಲೆ. ಹಾಗೆ ರಿಪೇರಿಯಾದ ಡೇಟಾಬೇಸ್‌ನಿಂದ ಮೇಲ್‌ಬಾಕ್ಸ್‌ಗಳನ್ನು ಹೊರತೆಗೆಯಬೇಕೇ ಹೊರತು ಅದನ್ನೇ ದಿನಬಳಕೆಗೆ ಇಟ್ಟುಕೊಳ್ಳಬಾರದು.

ಕ್ಲೀನ್ ಆದ ಇಡಿಬಿಯನ್ನು ಈಗ ರಿಕವರಿ ಡೇಟಾಬೇಸ್ ಆಗಿ ತೆರೆಯಬೇಕು. ಎಕ್ಸ್‌ಚೇಂಜ್ ಮ್ಯಾನೇಜ್‌ಮೆಂಟ್ ಶೆಲ್‌ನಲ್ಲಿ ‘ನ್ಯೂ ಮೇಲ್‌ಬಾಕ್ಸ್‌ಡೇಟಾಬೇಸ್’ ಆದೇಶಕ್ಕೆ ‘ರಿಕವರಿ’ ಎಂಬ ಸ್ವಿಚ್ ಸೇರಿಸಿ, ಇಡಿಬಿಯ ಮತ್ತು ಲಾಗ್‌ಗಳ ವಿಳಾಸ ಕೊಟ್ಟು, ಅನಂತರ ‘ಮೌಂಟ್ ಡೇಟಾಬೇಸ್’ ಮಾಡಿ. ಡೇಟಾಬೇಸ್ ಅದೇ ಎಕ್ಸ್‌ಚೇಂಜ್ ಸಂಘಟನೆಯದೂ ಅದೇ ಆವೃತ್ತಿಯದೂ ಆಗಿರಬೇಕು. ಔಟ್‌ಲುಕ್‌ನಿಂದ ಇದಕ್ಕೆ ಯಾರೂ ಸಂಪರ್ಕಿಸಲಾರರು. ಇದು ಮರಳಿ ಪಡೆಯುವುದಕ್ಕೆ ಮಾತ್ರ. ಬಳಕೆದಾರರಿಗೆ ಹೊಸ ಡೇಟಾಬೇಸ್‌ನಲ್ಲಿ ಖಾಲಿ ಮೇಲ್‌ಬಾಕ್ಸ್ ಮೊದಲೇ ತೆರೆದುಕೊಟ್ಟರೆ ಕಚೇರಿಯ ದಿನದ ವ್ಯವಹಾರ ನಿಲ್ಲುವುದಿಲ್ಲ.

‘ಗೆಟ್ ಮೇಲ್‌ಬಾಕ್ಸ್‌ಸ್ಟ್ಯಾಟಿಸ್ಟಿಕ್ಸ್’ ಆ ಡೇಟಾಬೇಸ್‌ನೊಳಗಿನ ಮೇಲ್‌ಬಾಕ್ಸ್‌ಗಳ ಪಟ್ಟಿ ಕೊಡುತ್ತದೆ. ಇಲ್ಲಿ ನಮ್ಮ ಜಿಲ್ಲೆಯದೇ ಒಂದು ಎಚ್ಚರಿಕೆ ಬೇಕು. ಮನೆತನದ ಹೆಸರನ್ನು ಬಿಟ್ಟು ಬರೀ ಪೊನ್ನಪ್ಪ, ಬರೀ ತಿಮ್ಮಯ್ಯ ಎಂದು ಖಾತೆ ತೆರೆದ ಕಚೇರಿಗಳಲ್ಲಿ ಒಂದೇ ಹೆಸರಿನ ಎರಡು ಮೂರು ಮೇಲ್‌ಬಾಕ್ಸ್‌ಗಳು ಸಿಗುತ್ತವೆ, ಒಬ್ಬರ ಪತ್ರ ಇನ್ನೊಬ್ಬರ ಪಾಲಾಗುವ ಅಪಾಯವಿದೆ. ಆದ್ದರಿಂದ ಪಟ್ಟಿಯಲ್ಲಿ ಪ್ರತಿ ಮೇಲ್‌ಬಾಕ್ಸ್‌ಗೂ ಬೇರೆಯೇ ಇರುವ ಗುರುತಾದ ಜಿಯುಐಡಿ ಮತ್ತು ಐಟಂಗಳ ಸಂಖ್ಯೆಯನ್ನೂ ತರಿಸಿಕೊಂಡು, ಮುಂದೆ ಹೆಸರಿನ ಬದಲು ಜಿಯುಐಡಿಯನ್ನೇ ಬಳಸಿ.

‘ನ್ಯೂ ಮೇಲ್‌ಬಾಕ್ಸ್‌ರಿಸ್ಟೋರ್‌ರಿಕ್ವೆಸ್ಟ್’ ಆದೇಶಕ್ಕೆ ಮೂಲ ಡೇಟಾಬೇಸ್, ಮೂಲ ಮೇಲ್‌ಬಾಕ್ಸ್‌ನ ಜಿಯುಐಡಿ, ಗುರಿಯ ಮೇಲ್‌ಬಾಕ್ಸ್ ಇಷ್ಟನ್ನು ಕೊಡಿ. ‘ಟಾರ್ಗೆಟ್‌ರೂಟ್‌ಫೋಲ್ಡರ್’ ಎಂಬಲ್ಲಿ ಒಂದು ಹೆಸರು ಕೊಟ್ಟರೆ ಹಳೆಯ ಮೇಲ್ ಬೇರೆ ಫೋಲ್ಡರ್‌ಗೆ ಬೀಳುತ್ತದೆ, ಹೊಸದರ ಜೊತೆ ಕಲೆಯುವುದಿಲ್ಲ. ಗುರಿಯ ಮೇಲ್‌ಬಾಕ್ಸ್ ಬೇರೆ ಖಾತೆಯದಾಗಿದ್ದರೆ ‘ಅಲೌ‌ಲೆಗಸಿಡಿಎನ್‌ಮಿಸ್‌ಮ್ಯಾಚ್’ ಸ್ವಿಚ್ ಸೇರಿಸಬೇಕಾಗುತ್ತದೆ.

ಔಟ್‌ಲುಕ್‌ನಲ್ಲಿ ತೆರೆಯುವ ಪಿಎಸ್‌ಟಿ ಕಡತವೇ ಬೇಕಿದ್ದರೆ, ರಿಕವರಿ ಡೇಟಾಬೇಸ್‌ನಿಂದ ನೇರವಾಗಿ ಎಕ್ಸ್‌ಪೋರ್ಟ್ ಮಾಡಲು ಬರುವುದಿಲ್ಲ. ಮೇಲಿನಂತೆ ರಿಸ್ಟೋರ್ ಮಾಡಿದ ಮೇಲ್‌ಬಾಕ್ಸ್‌ನಿಂದ ‘ನ್ಯೂ ಮೇಲ್‌ಬಾಕ್ಸ್‌ಎಕ್ಸ್‌ಪೋರ್ಟ್‌ರಿಕ್ವೆಸ್ಟ್’ ಕೊಡಬೇಕು. ಈ ಆದೇಶ ಶೆಲ್‌ನಲ್ಲಿ ಕಾಣದಿದ್ದರೆ ನಿಮ್ಮ ಖಾತೆಗೆ ‘ಮೇಲ್‌ಬಾಕ್ಸ್ ಇಂಪೋರ್ಟ್ ಎಕ್ಸ್‌ಪೋರ್ಟ್’ ಎಂಬ ರೋಲ್ (ಅಧಿಕಾರ) ಇಲ್ಲವೆಂದರ್ಥ, ಅದು ಅಡ್ಮಿನ್‌ಗೂ ತಾನಾಗಿ ಬರುವುದಿಲ್ಲ. ರೋಲ್ ಕೊಟ್ಟು ಶೆಲ್ಲನ್ನು ಮುಚ್ಚಿ ತೆರೆಯಿರಿ. ಕಡತದ ಜಾಗ ನೆಟ್‌ವರ್ಕ್ ಶೇರ್ ಆಗಿರಬೇಕು, ಆ ಶೇರ್‌ನಲ್ಲಿ ‘ಎಕ್ಸ್‌ಚೇಂಜ್ ಟ್ರಸ್ಟೆಡ್ ಸಬ್‌ಸಿಸ್ಟಮ್’ ಗುಂಪಿಗೆ ಓದುವ, ಬರೆಯುವ ಅನುಮತಿ ಇರಬೇಕು. ಔಟ್‌ಲುಕ್ 2010 ಮತ್ತು ಅನಂತರದವುಗಳಲ್ಲಿ ಪಿಎಸ್‌ಟಿಯ ಮಿತಿ ಮೂಲತಃ 50 ಜಿಬಿ. ದೊಡ್ಡ ಮೇಲ್‌ಬಾಕ್ಸನ್ನು ಭಾಗ ಮಾಡಿ ತೆಗೆಯುವುದು ಒಳ್ಳೆಯದು.

ಸರ್ವರೂ, ಬಳಕೆದಾರರ ಖಾತೆಗಳನ್ನು ಇಡುವ ಆಕ್ಟಿವ್ ಡೈರೆಕ್ಟರಿಯೂ ಪೂರ್ತಿ ಹೋಗಿ ಇಡಿಬಿ ಮಾತ್ರ ಉಳಿದಿದ್ದರೆ, ಇಡಿಬಿಯನ್ನು ನೇರವಾಗಿ ಓದುವ ಖಾಸಗಿ ತಂತ್ರಾಂಶಗಳೇ ಗತಿ. ಅವುಗಳ ಪರೀಕ್ಷಾ ಆವೃತ್ತಿಯಲ್ಲಿ ನಿಮ್ಮದೇ ಕಡತವನ್ನು ತೆರೆದು, ಬೇಕಾದ ಮೇಲ್‌ಗಳೂ ಅಟ್ಯಾಚ್‌ಮೆಂಟ್‌ಗಳೂ ಕಾಣುತ್ತವೆಯೇ ಎಂದು ನೋಡದೆ ಹಣ ಕಟ್ಟಬೇಡಿ.

ಎಲ್ಲ ಮುಗಿದ ಮೇಲೆ ಐಟಂಗಳ ಸಂಖ್ಯೆಯನ್ನು ಮೊದಲ ಪಟ್ಟಿಯೊಂದಿಗೆ ತಾಳೆ ನೋಡಿ, ರಿಕವರಿ ಡೇಟಾಬೇಸನ್ನು ಡಿಸ್‌ಮೌಂಟ್ ಮಾಡಿ ತೆಗೆದುಹಾಕಿ. ನಕಲಿನ ಇಡಿಬಿ ಕಡತ ಆಗಲೂ ಡಿಸ್ಕ್‌ನಲ್ಲೇ ಉಳಿಯುತ್ತದೆ, ಅದನ್ನು ಕೈಯಿಂದಲೇ ಅಳಿಸಬೇಕು. ಕಚೇರಿಯ ಪ್ರತಿಯೊಬ್ಬರೂ ತಮ್ಮ ಮೇಲ್ ತೆರೆದು, ಹೋದ ಕೊಯ್ಲಿನ ಪತ್ರಗಳು ಇವೆಯೆಂದು ಹೇಳುವವರೆಗೆ ಮೂಲವನ್ನಂತೂ ಅಳಿಸಬೇಡಿ.