ಇಲ್ಲಿ ಪೊಲೀಸರು ಯಾರ ಕೈಕೆಳಗೆ? ಮಿನಿಯಾಪೊಲಿಸ್‌ನಿಂದ ಕಲಿತದ್ದು

2020ರ ಮೇ ಕೊನೆಯ ವಾರ. ಅಮ್ಮ ನಮ್ಮ ಜೊತೆ ಇದ್ದರು. ಮಾರ್ಚ್‌ನಲ್ಲೇ ಊರಿಗೆ ವಾಪಸ್ ಹೋಗಬೇಕಿತ್ತು, ವಿಮಾನಗಳು ನಿಂತು ಇಲ್ಲೇ ಉಳಿದುಕೊಂಡಿದ್ದರು. ನಮ್ಮ ಮನೆ ಅಮೆರಿಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್ ನಗರಕ್ಕೆ ಅಂಟಿಕೊಂಡ ಒಂದು ಸಣ್ಣ ಊರಲ್ಲಿ. ಪೊಲೀಸರ ಕೈಯಲ್ಲಿ ಸತ್ತ ಕಪ್ಪು ವ್ಯಕ್ತಿ ಜಾರ್ಜ್ ಫ್ಲಾಯ್ಡ್ ಅವರ ವಿಡಿಯೋ ಟಿವಿಯಲ್ಲಿ ಬಂದಾಗ ಅಮ್ಮ ಅತ್ತುಬಿಟ್ಟರು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದರು: "ಇಲ್ಲಿ ಗೃಹ ಸಚಿವರು ಯಾರು? ಕಮಿಷನರ್‌ನ ಇನ್ನೂ ಎತ್ತಂಗಡಿ ಮಾಡಿಲ್ವಾ?"

ನನಗೆ ಉತ್ತರ ಗೊತ್ತಿರಲಿಲ್ಲ. ಇಷ್ಟು ವರ್ಷ ಇಲ್ಲಿ ತೆರಿಗೆ ಕಟ್ಟಿಯೂ, ನಮ್ಮ ಊರಿನ ಪೊಲೀಸರು ಯಾರ ಮಾತು ಕೇಳುತ್ತಾರೆ ಅಂತ ಯೋಚನೆಯೇ ಮಾಡಿರಲಿಲ್ಲ. ಹೊಸದಾಗಿ ಬಂದವರಿಗೂ, ನನ್ನ ಹಾಗೆ ಹಳಬರಾದವರಿಗೂ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಡೆ ಪೊಲೀಸ್ ಅಂದರೆ ರಾಜ್ಯ ಸರ್ಕಾರ. ಬೀದರ್‌ನಿಂದ ಚಾಮರಾಜನಗರದವರೆಗೆ ಒಂದೇ ಇಲಾಖೆ. ಎಸ್ಪಿ ಯಾರು, ಕಮಿಷನರ್ ಯಾರು ಅನ್ನೋದು ವಿಧಾನಸೌಧದಲ್ಲಿ ತೀರ್ಮಾನ ಆಗುತ್ತದೆ. ದಸರಾ ಮೆರವಣಿಗೆಯಲ್ಲಿ ಕುದುರೆ ಏರುವ ಮೈಸೂರಿನ ಮೇಯರ್‌ಗೆ ಒಬ್ಬ ಕಾನ್‌ಸ್ಟೆಬಲ್ ಮೇಲೂ ಅಧಿಕಾರ ಇಲ್ಲ. ಅಮೆರಿಕದಲ್ಲಿ ಇದು ತಿರುಗುಮುರುಗು. ಪೊಲೀಸರು ಬಹುಪಾಲು ಆಯಾ ಊರಿನ ಆಡಳಿತದ ಕೈಕೆಳಗೆ. ಇಡೀ ದೇಶದಲ್ಲಿ ಸುಮಾರು 18,000 ಬೇರೆ ಬೇರೆ ಪೊಲೀಸ್ ಸಂಸ್ಥೆಗಳಿವೆ. ಐಪಿಎಸ್ ಥರದ ಕೇಡರ್ ಇಲ್ಲ. ಒಂದು ಊರಿನ ಪೊಲೀಸರನ್ನು ಇನ್ನೊಂದು ಊರಿಗೆ ಎತ್ತಿ ಹಾಕೋಕೆ ಯಾರಿಗೂ ಆಗಲ್ಲ.

ನಮ್ಮ ಕನ್ನಡಿಗರು ಜಾಸ್ತಿ ಇರುವ ಈಡನ್ ಪ್ರೇರಿ, ಪ್ಲಿಮತ್, ಮೇಪಲ್ ಗ್ರೋವ್, ಎಲ್ಲದಕ್ಕೂ ಅದರದರ ಪೊಲೀಸ್ ಇದ್ದಾರೆ. ಮಿನಿಯಾಪೊಲಿಸ್ ಒಳಗೇ ನೋಡಿ: ನಗರ ಪೊಲೀಸ್ ಒಂದು, ಪಾರ್ಕುಗಳಿಗೆ ಪಾರ್ಕ್ ಬೋರ್ಡಿನ ಪೊಲೀಸ್ ಇನ್ನೊಂದು, ಬಸ್ಸು ರೈಲಿಗೆ ಮೆಟ್ರೋ ಟ್ರಾನ್ಸಿಟ್ ಪೊಲೀಸ್, ಯೂನಿವರ್ಸಿಟಿಗೆ ಅದರದೇ ಪೊಲೀಸ್, ಮೇಲೆ ಹೆನೆಪಿನ್ ಕೌಂಟಿಯ (ನಮ್ಮ ಜಿಲ್ಲೆಯ ಥರ) ಪೊಲೀಸ್ ಮುಖ್ಯಸ್ಥ ಶೆರಿಫ್. ನಿಮ್ಮನ್ನು ಯಾರಾದರೂ ತಡೆದು ನಿಲ್ಲಿಸಿದರೆ ಮೊದಲು ನೋಡಬೇಕಾದದ್ದು ತೋಳಿನ ಮೇಲಿನ ಬ್ಯಾಡ್ಜು. ದೂರು ಕೊಡಬೇಕಾದರೆ ಎಲ್ಲಿಗೆ ಹೋಗಬೇಕು ಅನ್ನೋದು ಅದರಿಂದಲೇ ಗೊತ್ತಾಗುತ್ತದೆ.

ಈಗ ಆ ವರ್ಷಕ್ಕೆ ಬರೋಣ. ಕೊರೊನಾ ಲಾಕ್‌ಡೌನ್‌ನಲ್ಲಿ ಕೆಲಸದ ಜಾಗ ಮುಚ್ಚಿ ಜಾರ್ಜ್ ಫ್ಲಾಯ್ಡ್ ಕೆಲಸ ಕಳೆದುಕೊಂಡಿದ್ದರು. ಮೇ 25ರ ಸಂಜೆ, 38ನೇ ಸ್ಟ್ರೀಟ್ ಮತ್ತು ಶಿಕಾಗೋ ಅವೆನ್ಯೂ ಸೇರುವ ಮೂಲೆಯ ಅಂಗಡಿಯಲ್ಲಿ 20 ಡಾಲರಿನ ಖೋಟಾ ನೋಟು ಕೊಟ್ಟರು ಅನ್ನುವ ಅನುಮಾನದ ಮೇಲೆ ಪೊಲೀಸರು ಬಂದರು. ಡೆರೆಕ್ ಶೋವಿನ್ ಎಂಬ ಅಧಿಕಾರಿ ಒಂಬತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಅವರ ಕುತ್ತಿಗೆ ಮೇಲೆ ಮಂಡಿ ಊರಿದ್ದ. ಪೊಲೀಸ್ ಇಲಾಖೆಯ ಮೊದಲ ಪ್ರಕಟಣೆಯಲ್ಲಿ ಮಂಡಿಯ ಮಾತೇ ಇರಲಿಲ್ಲ. ಏನೋ ಆರೋಗ್ಯದ ತೊಂದರೆಯಿಂದ ಒಬ್ಬ ವ್ಯಕ್ತಿ ಸತ್ತ ಅನ್ನುವ ಧಾಟಿ ಇತ್ತು. 17 ವರ್ಷದ ಹುಡುಗಿಯೊಬ್ಬಳು ಫೋನಿನಲ್ಲಿ ಹಿಡಿದ ವಿಡಿಯೋ ಇಲ್ಲದಿದ್ದರೆ ಆ ಪ್ರಕಟಣೆಯೇ ಇತಿಹಾಸ ಆಗುತ್ತಿತ್ತು. ಅದನ್ನು ನೆನೆದರೆ ಈಗಲೂ ಎದೆ ಭಾರ ಆಗುತ್ತದೆ.

ಮರುದಿನವೇ ಪೊಲೀಸ್ ಮುಖ್ಯಸ್ಥ ಮೆಡಾರಿಯಾ ಅರಡಾಂಡೊ ಶೋವಿನ್ ಸೇರಿ ಅಲ್ಲಿದ್ದ ನಾಲ್ವರು ಪೊಲೀಸರನ್ನು ಕೆಲಸದಿಂದ ತೆಗೆದರು. ಆ ಹುದ್ದೆಗೆ ಬಂದ ಮೊದಲ ಕಪ್ಪು ವ್ಯಕ್ತಿ ಅವರು. 28ರ ರಾತ್ರಿ ಜನ ಮೂರನೇ ಪ್ರಿಸಿಂಕ್ಟ್‌ಗೆ, ಅಂದರೆ ಆ ಭಾಗದ ಠಾಣೆಗೆ, ಬೆಂಕಿ ಇಟ್ಟರು. ಆಮೇಲೆ ಕರ್ಫ್ಯೂ ಬಂತು. ಎರಡು ತಿಂಗಳಿಂದ ಮನೆಯೊಳಗೇ ಇದ್ದವರು ಮಾಸ್ಕ್ ಹಾಕಿಕೊಂಡು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದಿದ್ದರು.

ಮಾತು ಕೊಟ್ಟವರ ಕೈಯಲ್ಲಿ ಏನಿತ್ತು?

ಜೂನ್ 6ರಂದು ಪ್ರತಿಭಟನಾಕಾರರು ಮೇಯರ್ ಜೇಕಬ್ ಫ್ರೇ ಅವರನ್ನು ನೇರವಾಗಿ ಕೇಳಿದರು: ಪೊಲೀಸ್ ಇಲಾಖೆಯನ್ನು ಮುಚ್ಚುತ್ತೀರಾ? ಪೂರ್ತಿ ಮುಚ್ಚೋದಕ್ಕೆ ನನ್ನ ಬೆಂಬಲ ಇಲ್ಲ ಅಂದರು. ಜನ ಧಿಕ್ಕಾರ ಕೂಗಿ ಅವರನ್ನು ಅಲ್ಲಿಂದ ಕಳಿಸಿದರು. ಮರುದಿನ ಪೌಡರ್‌ಹಾರ್ನ್ ಪಾರ್ಕಿನ ವೇದಿಕೆಯಲ್ಲಿ ನಗರದ ಕೌನ್ಸಿಲ್‌ನ, ಅಂದರೆ ನಮ್ಮ ನಗರಸಭೆಯಂಥದ್ದರ, 13 ಸದಸ್ಯರಲ್ಲಿ ಒಂಬತ್ತು ಮಂದಿ ನಿಂತು, ಈಗಿರುವ ಪೊಲೀಸ್ ಇಲಾಖೆಯನ್ನು ಕಳಚಿ ಹೊಸದನ್ನು ಕಟ್ಟುತ್ತೇವೆ ಅಂತ ಮಾತು ಕೊಟ್ಟರು. ಜಗತ್ತಿಡೀ ಸುದ್ದಿ ಆಯಿತು. ಒಂಬತ್ತು ಅಂದರೆ ಬಹುಮತ, ಇನ್ನೇನು ಆಗೇಹೋಯ್ತು ಅಂತ ನಾನೂ ಅಂದುಕೊಂಡೆ.

ಆಗಲಿಲ್ಲ. ಯಾಕೆ ಅನ್ನೋದನ್ನು ನಿಧಾನವಾಗಿ ಹೇಳುತ್ತೇನೆ.

ಇಲ್ಲಿನ ಅನೇಕ ಊರುಗಳಿಗೆ ಚಾರ್ಟರ್ ಅಂತ ಒಂದಿರುತ್ತದೆ. ಊರಿನ ಸಂವಿಧಾನ ಅಂದುಕೊಳ್ಳಿ. ಮಿನಿಯಾಪೊಲಿಸ್ ಚಾರ್ಟರ್ ಪ್ರಕಾರ ಪೊಲೀಸರ ಮೇಲೆ ಪೂರ್ತಿ ಹಿಡಿತ ಮೇಯರ್‌ದು. ಕೌನ್ಸಿಲ್ ಕೈಯಲ್ಲಿ ಇರುವುದು ದುಡ್ಡು. ಅದಕ್ಕೂ ಒಂದು ಬೇಲಿ ಇದೆ: ಪ್ರತಿ ಸಾವಿರ ಜನಕ್ಕೆ 1.7 ಪೊಲೀಸ್ ನೌಕರರಾದರೂ ಇರುವಷ್ಟು ಹಣ ಕೊಡಲೇಬೇಕು. 1961ರಿಂದ ಇರುವ ನಿಯಮ ಇದು. ಅಂದರೆ ಆ ಒಂಬತ್ತು ಜನ ಮನಸಾರೆ ಮಾತು ಕೊಟ್ಟರೂ, ಅದನ್ನು ನಡೆಸಿಕೊಡುವ ಬೀಗದ ಕೈ ಅವರ ಹತ್ತಿರ ಇರಲಿಲ್ಲ.

ಚಾರ್ಟರ್ ಬದಲಿಸಬೇಕಾದರೆ ಜನರ ಮತ ಬೇಕು. ಜೂನ್ 26ರಂದು ಕೌನ್ಸಿಲ್ ಅವಿರೋಧವಾಗಿ ಪ್ರಸ್ತಾವ ಪಾಸು ಮಾಡಿತು. ಅದು ಚಾರ್ಟರ್ ಕಮಿಷನ್‌ಗೆ ಹೋಯಿತು. ಈ ಕಮಿಷನ್‌ನ 15 ಸದಸ್ಯರನ್ನು ಜನ ಆರಿಸುವುದಿಲ್ಲ, ಜಿಲ್ಲಾ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರು ನೇಮಿಸುತ್ತಾರೆ. ಕೊರೊನಾ ಕಾಲ ಆದ್ದರಿಂದ ಸಭೆಗಳೆಲ್ಲ ಆನ್‌ಲೈನ್. ಆಗಸ್ಟ್‌ನಲ್ಲಿ ಅವರು 10-5 ಮತಗಳಿಂದ ಇನ್ನೂ ಸಮಯ ಬೇಕು ಅಂದರು. ಅಷ್ಟಕ್ಕೆ 2020ರ ನವೆಂಬರ್ ಮತಪತ್ರ ಕೈತಪ್ಪಿತು. ನಾವು ಹೆಸರೂ ಕೇಳದ ಒಂದು ಕಮಿಷನ್ ಒಂದು ಸಂಜೆ ಕೂತು ಇಡೀ ಊರಿನ ಚರ್ಚೆಯನ್ನು ಒಂದು ವರ್ಷ ಮುಂದೂಡಿತು. ಅದು ಸರಿಯೋ ತಪ್ಪೋ, ಎರಡೂ ಕಡೆ ವಾದ ಇದೆ. ಅಂಥ ಒಂದು ಕಮಿಷನ್ ಇದೆ ಅನ್ನೋದಾದರೂ ನಮಗೆ ಗೊತ್ತಿರಬೇಕು, ಅಲ್ವಾ?

ಡಿಸೆಂಬರ್‌ನಲ್ಲಿ ಬಜೆಟ್ ಬಂತು. ಜನ ಫೋನ್ ಮೂಲಕವೇ ಗಂಟೆಗಟ್ಟಲೆ ಮಾತಾಡಿದರು. ಕೌನ್ಸಿಲ್ ಸುಮಾರು 80 ಲಕ್ಷ ಡಾಲರ್‌ನಷ್ಟನ್ನು ಪೊಲೀಸ್ ಬಜೆಟ್‌ನಿಂದ ಮಾನಸಿಕ ಆರೋಗ್ಯ, ಹಿಂಸೆ ತಡೆಯುವ ಕೆಲಸಗಳ ಕಡೆ ತಿರುಗಿಸಿತು. ಪೊಲೀಸರ ಸಂಖ್ಯೆಯನ್ನೇ ಕಡಿಮೆ ಮಾಡಲು ಹೊರಟಾಗ ಮೇಯರ್ ವೀಟೋ ಹಾಕುತ್ತೇನೆ ಅಂದರು. ಆ ಮಾತು ಅಲ್ಲಿಗೇ ನಿಂತಿತು.

ಕೊನೆಗೆ 2021ರ ನವೆಂಬರ್ 2ರಂದು ಜನ ಮತ ಹಾಕಿದರು. ಪೊಲೀಸ್ ಇಲಾಖೆಯ ಬದಲು ಸಾರ್ವಜನಿಕ ಸುರಕ್ಷತಾ ಇಲಾಖೆ ಬೇಕೇ ಅನ್ನುವ ಪ್ರಶ್ನೆಗೆ ಸುಮಾರು 56 ಶೇಕಡಾ ಜನ ಬೇಡ ಅಂದರು. ಅದೇ ದಿನ, ಆಡಳಿತದ ಅಧಿಕಾರವನ್ನು ಮೇಯರ್ ಕೈಗೆ ಇನ್ನಷ್ಟು ಕೊಡುವ ಬೇರೊಂದು ತಿದ್ದುಪಡಿಯನ್ನು ಒಪ್ಪಿದರು. ಫ್ರೇ ಮತ್ತೆ ಗೆದ್ದರು.

ಇದನ್ನು ಕಪ್ಪು ಜನ ಒಂದು ಕಡೆ, ಬಿಳಿಯರು ಇನ್ನೊಂದು ಕಡೆ ಅಂತ ನಮ್ಮವರು ಸುಲಭವಾಗಿ ಅರ್ಥ ಮಾಡಿಕೊಳ್ಳುತ್ತಾರೆ. ಹಾಗಿರಲಿಲ್ಲ. ಕಪ್ಪು ಕುಟುಂಬಗಳು ಹೆಚ್ಚಿರುವ ಉತ್ತರ ಮಿನಿಯಾಪೊಲಿಸ್‌ನ ಎಂಟು ನಿವಾಸಿಗಳು 2020ರಲ್ಲೇ ಕೋರ್ಟಿಗೆ ಹೋಗಿ, ಚಾರ್ಟರ್ ಹೇಳಿದಷ್ಟು ಪೊಲೀಸರನ್ನು ಕೊಡಿ ಅಂದರು. ಅವರ ಬೀದಿಗಳಲ್ಲಿ ಗುಂಡು ಹಾರುತ್ತಿತ್ತು. 2022ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, 731 ಪೊಲೀಸರನ್ನು ಇಟ್ಟುಕೊಳ್ಳುವುದು ಮೇಯರ್ ಹೊಣೆ ಅಂತ ಹೇಳಿತು. ಅಷ್ಟರಲ್ಲಿ ನೂರಾರು ಮಂದಿ ಕೆಲಸ ಬಿಟ್ಟು ಹೋಗಿದ್ದರು. ಪೊಲೀಸರೂ ಬೇಕು, ಅವರ ಕೈಯಲ್ಲಿ ತಮ್ಮ ಮಕ್ಕಳು ಸಾಯಲೂಬಾರದು. ಅಲ್ಲಿನ ತಾಯಂದಿರು ಕೇಳುವುದು ಈ ಎರಡನ್ನೂ. ಅದು ನ್ಯಾಯವಾದ ಬೇಡಿಕೆ ಅಂತಲೇ ನನ್ನ ಅಭಿಪ್ರಾಯ.

ಹೊರಗಿನ ಒತ್ತಡ

ಊರಿನ ಒಳಗೆ ಸಿಕ್ಕಿಕೊಂಡದ್ದು ಹೊರಗಿನಿಂದ ಸ್ವಲ್ಪ ಸಡಿಲ ಆಯಿತು. ಶೋವಿನ್ ಮೇಲೆ ಕೇಸು ನಡೆಸಿದ್ದು ಮೇಯರ್ ಅಲ್ಲ. ಪ್ರಾಸಿಕ್ಯೂಟರ್, ಅಂದರೆ ಕೇಸು ನಡೆಸುವ ಸರ್ಕಾರಿ ವಕೀಲರು, ಇಲ್ಲಿ ಕೌಂಟಿಯಲ್ಲಿ ಚುನಾವಣೆಗೆ ನಿಂತು ಗೆದ್ದು ಬರುವವರು. ಈ ಕೇಸನ್ನು ಗವರ್ನರ್ ಟಿಮ್ ವಾಲ್ಜ್ ರಾಜ್ಯದ ಅಟಾರ್ನಿ ಜನರಲ್ ಕೀತ್ ಎಲಿಸನ್‌ಗೆ ವಹಿಸಿದರು. 2021ರ ಏಪ್ರಿಲ್ 20ರಂದು ತಪ್ಪಿತಸ್ಥ ಅಂತ ತೀರ್ಪು ಬಂತು, ಆಮೇಲೆ 22 ವರ್ಷ ಆರು ತಿಂಗಳ ಶಿಕ್ಷೆ. ಫ್ಲಾಯ್ಡ್ ಕುಟುಂಬಕ್ಕೆ 2.7 ಕೋಟಿ ಡಾಲರ್ ಪರಿಹಾರ ಕೊಟ್ಟದ್ದು ಮಾತ್ರ ನಗರ, ಅಂದರೆ ಅಲ್ಲಿನ ತೆರಿಗೆದಾರರು.

ರಾಜ್ಯದ ಮಾನವ ಹಕ್ಕು ಇಲಾಖೆ ಸುಮಾರು ಎರಡು ವರ್ಷ ತನಿಖೆ ಮಾಡಿ 2022ರ ಏಪ್ರಿಲ್‌ನಲ್ಲಿ ವರದಿ ಕೊಟ್ಟಿತು. 2010ರಿಂದ ಮಿನಿಯಾಪೊಲಿಸ್ ಪೊಲೀಸರ ಕೈಯಲ್ಲಿ ಸತ್ತ 14 ಜನರಲ್ಲಿ 13 ಮಂದಿ ಬಿಳಿಯರಲ್ಲ ಅಂತ ಅದರಲ್ಲಿದೆ. 2023ರಲ್ಲಿ ಪೊಲೀಸ್ ಇಲಾಖೆಯನ್ನು ಸುಧಾರಿಸುವ ಬಗ್ಗೆ ನಗರ ಮತ್ತು ರಾಜ್ಯದ ನಡುವೆ ಒಪ್ಪಂದ ಆಯಿತು, ಕೋರ್ಟು ಅದಕ್ಕೆ ಮುದ್ರೆ ಒತ್ತಿತು. ಕೇಂದ್ರದ ನ್ಯಾಯ ಇಲಾಖೆಯೂ ಬೇರೆಯಾಗಿ ತನಿಖೆ ಮಾಡಿ, 2025ರ ಜನವರಿಯಲ್ಲಿ ಇನ್ನೊಂದು ಒಪ್ಪಂದಕ್ಕೆ ಬಂದಿತ್ತು. ಅದೇ ವರ್ಷ ಮೇ ತಿಂಗಳಲ್ಲಿ ಹೊಸ ಸರ್ಕಾರ ಅದರಿಂದ ಹಿಂದೆ ಸರಿಯಿತು. ರಾಜ್ಯದ ಒಪ್ಪಂದ ಉಳಿದಿದೆ. ಎರಡು ಕಡೆಯಿಂದ ಕಟ್ಟಿದ ಹಗ್ಗದಲ್ಲಿ ಒಂದು ಬಿಚ್ಚಿದರೂ ಇನ್ನೊಂದು ಹಿಡಿದಿದೆ.

ಇನ್ನೊಂದು ಕೈ ಯೂನಿಯನ್‌ದು. ಮುಖ್ಯಸ್ಥರು ಕೆಲಸದಿಂದ ತೆಗೆದವರೂ ಮಧ್ಯಸ್ಥಗಾರರ ಮುಂದೆ ಹೋಗಿ ವಾಪಸ್ ಬರಬಹುದು. ಹಾಗೆ ಬಂದವರು ಮಿನೆಸೋಟದಲ್ಲಿ ಸಾಕಷ್ಟು ಮಂದಿ ಇದ್ದಾರೆ. ಹಾಗಾಗಿ ನಿಮ್ಮ ಊರಲ್ಲಿ ಪೊಲೀಸ್ ಯೂನಿಯನ್ ಒಪ್ಪಂದ ಯಾವಾಗ ನವೀಕರಣ ಆಗುತ್ತದೆ ಅಂತ ತಿಳಿದುಕೊಳ್ಳಿ. ಶಿಸ್ತಿನ ನಿಯಮಗಳು ಬಹುಪಾಲು ಅಲ್ಲೇ ಬರೆದಿರುತ್ತವೆ.

ನಮಗೆ ಯಾಕೆ?

ನಾವು ವೀಸಾದಲ್ಲಿ ಇರುವವರು, ಸುಮ್ನೆ ಇದ್ದುಬಿಡೋಣ ಅಂತ ಹೇಳುವ ಗೆಳೆಯರು ನನಗೂ ಇದ್ದಾರೆ. ಅವರಿಗೆ ಅಲಬಾಮಾದ ಮ್ಯಾಡಿಸನ್ ಊರಿನ ಸಂಗತಿ ಹೇಳುತ್ತೇನೆ. 2015ರ ಫೆಬ್ರವರಿ. ಗುಜರಾತಿನಿಂದ ಮೊಮ್ಮಗನನ್ನು ನೋಡಿಕೊಳ್ಳಲು ಬಂದಿದ್ದ 57 ವರ್ಷದ ಅಜ್ಜ ಬೆಳಿಗ್ಗೆ ವಾಕಿಂಗ್ ಹೊರಟಿದ್ದರು. ಪಕ್ಕದ ಬೀದಿಯ ಯಾರೋ ಪೊಲೀಸರಿಗೆ ಫೋನ್ ಮಾಡಿ, ಕಪ್ಪು ಮನುಷ್ಯನೊಬ್ಬ ಅನುಮಾನ ಬರುವ ಹಾಗೆ ಓಡಾಡುತ್ತಿದ್ದಾನೆ ಅಂದರು. ಅಜ್ಜನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಪೊಲೀಸ್ ಅವರನ್ನು ನೆಲಕ್ಕೆ ಅಪ್ಪಳಿಸಿದ. ಬೆನ್ನುಹುರಿಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆ ಬೇಕಾಯಿತು. ಆ ಪೊಲೀಸ್ ಅಧಿಕಾರಿ ಕೋರ್ಟಿನಲ್ಲಿ ಖುಲಾಸೆ ಆದ.

ಹಸಿರು ಕಾರ್ಡು, ವೀಸಾ ಇರುವವರಿಗೆ ಮತ ಇಲ್ಲ, ನಿಜ. ಆದರೆ ಕೌನ್ಸಿಲ್‌ನ ಸಾರ್ವಜನಿಕ ಸಭೆಯಲ್ಲಿ ಮಾತಾಡಲು ಪೌರತ್ವ ಬೇಡ. ಪೊಲೀಸರ ಮೇಲೆ ದೂರು ಕೊಡಲೂ ಬೇಡ. ಮಿನಿಯಾಪೊಲಿಸ್‌ನಲ್ಲಿ ಮೇಯರ್ ಆಗಸ್ಟ್‌ನಲ್ಲಿ ಬಜೆಟ್ ಮಂಡಿಸುತ್ತಾರೆ, ಕೌನ್ಸಿಲ್ ಡಿಸೆಂಬರ್‌ನಲ್ಲಿ ಮುಗಿಸುತ್ತದೆ. ಆ ನಡುವಿನ ತಿಂಗಳುಗಳಲ್ಲಿ ಒಂದು ಸಭೆಗಾದರೂ ಹೋಗಿ. ನಿಮ್ಮ ಊರಿನ ದಿನಾಂಕ ಬೇರೆ ಇರಬಹುದು, ನಗರದ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ.

ಮನೆಯಲ್ಲಿ ಮಾನಸಿಕವಾಗಿ ತೀರಾ ತೊಂದರೆಯಲ್ಲಿರುವವರು ಇದ್ದರೆ ಇನ್ನೊಂದು ವಿಷಯ. 2021ರ ಡಿಸೆಂಬರ್‌ನಿಂದ ಮಿನಿಯಾಪೊಲಿಸ್‌ನಲ್ಲಿ 911ಕ್ಕೆ ಕರೆ ಮಾಡಿದಾಗ ಪೊಲೀಸರ ಬದಲು ಮಾನಸಿಕ ಆರೋಗ್ಯದ ತಂಡ ಕಳಿಸುವ ವ್ಯವಸ್ಥೆ ಇದೆ. ಅವರ ಹತ್ತಿರ ಬಂದೂಕು ಇರುವುದಿಲ್ಲ. ಕರೆ ಮಾಡಿದಾಗ ಆ ತಂಡವೇ ಬೇಕು ಅಂತ ಕೇಳಿ. ನಿಮ್ಮ ಊರಲ್ಲಿ ಅಂಥದ್ದು ಇಲ್ಲದಿದ್ದರೆ, ಕೌನ್ಸಿಲ್ ಸಭೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಅದೇ ಆಗಲಿ.

ಅಪ್ಪ ಅಮ್ಮ ಬಂದಾಗ ಮೊದಲ ವಾರವೇ ಅಕ್ಕಪಕ್ಕದವರಿಗೆ ಪರಿಚಯ ಮಾಡಿಸಿ. ಪೊಲೀಸ್ ಮಾತಾಡಿಸಿದರೆ ನಿಲ್ಲಬೇಕು, ಜೇಬಿಗೆ ಕೈ ಹಾಕಬಾರದು, ಕೈಗಳು ಕಾಣುವ ಹಾಗೆ ಇರಬೇಕು ಅಂತ ಹೇಳಿಕೊಡಿ. ಎರಡು ಸಲ ಮಾಡಿ ತೋರಿಸಿ, ಅವರಿಗೆ ಮುಜುಗರ ಆದರೂ ಪರವಾಗಿಲ್ಲ. ನಾನು ಒಂದು ಕಾರ್ಡಿನ ಮೇಲೆ ಅಮ್ಮನ ಹೆಸರು, ನಮ್ಮ ವಿಳಾಸ, ನನ್ನ ಫೋನ್ ನಂಬರು, "ಇವರಿಗೆ ಇಂಗ್ಲಿಷ್ ಬರುವುದಿಲ್ಲ, ಕನ್ನಡ ಮಾತಾಡುತ್ತಾರೆ" ಅಂತ ಇಂಗ್ಲಿಷಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ. ಜೇಬಿನಿಂದ ತೆಗೆಯುವ ಕಷ್ಟವೇ ಬೇಡ ಅಂತ ಅಮ್ಮ ಅದಕ್ಕೆ ದಾರ ಪೋಣಿಸಿ ಸ್ವೆಟರ್ ಮೇಲೆ ಕೊರಳಿಗೆ ಹಾಕಿಕೊಂಡು ವಾಕಿಂಗ್ ಹೋಗುತ್ತಿದ್ದರು.