ಕಾಂಗ್ರೆಸ್ ಕಸದ ದಾಯಾದಿಯಿಂದ ರಬ್ಬರ್ ತೆಗೆದೆ

"ಊರಾಗ ಎಲ್ಲಾರೂ ಕಾಂಗ್ರೆಸ್ ಕಸ ಕೀಳಾಕ ಕೂಲಿ ಕೊಡ್ತಾರ, ನೀ ನೆಡಾಕ ಕೊಡಾಕತ್ತೀಯಲ್ಲೋ!" ಅಂತ ನಮ್ಮ ಕಾಕಾ ಬದುವಿನ ಮೇಲೆ ನಿಂತು ನಕ್ಕಿದ್ದರು. ಅವರದೇನೂ ತಪ್ಪಿಲ್ಲ. ನಾನು ನೆಟ್ಟದ್ದು ಗ್ವಾಯೂಲಿ, ರಬ್ಬರ್ ಕೊಡುವ ಗಿಡ. ಅದೂ ಕಾಂಗ್ರೆಸ್ ಕಸದ ಹಾಗೆ ಪಾರ್ಥೇನಿಯಂ ಜಾತಿಯದೇ. ಮೆಕ್ಸಿಕೋ, ಟೆಕ್ಸಸ್ ಮರುಭೂಮಿಯ ಬೂದುಬಣ್ಣದ ಪೊದೆ. ನಾನು ಕುಷ್ಟಗಿ ಕಡೆಯವನು, ಹದಿನೈದು ವರ್ಷದಿಂದ ಹೈಬ್ರಿಡ್ ಬೀಜದ ಪ್ಲಾಟ್ ಮತ್ತು ನರ್ಸರಿ ಮಾಡಿಕೊಂಡಿದ್ದೇನೆ. ಪರಿಚಯದ ವಿಜ್ಞಾನಿಯೊಬ್ಬರು ಪ್ರಯೋಗಕ್ಕೆ ಅಂತ ಒಂದು ಮುಷ್ಟಿ ಬೀಜ ಕೊಟ್ಟಾಗ, ಟೊಮೆಟೊ ಮೆಣಸಿನಕಾಯಿ ಮೊಳಕೆ ಬರಿಸಿದವನಿಗೆ ಇದೇನು ಮಹಾ ಅಂದುಕೊಂಡೆ.

ಮೊದಲ ಸಲ ನೂರಕ್ಕೆ ಹತ್ತೂ ಹುಟ್ಟಲಿಲ್ಲ. ಸಾವಿರ ಬೀಜ ತೂಗಿದರೆ ಒಂದು ಗ್ರಾಂ ಆಗುವುದು ಕಷ್ಟ, ಅದರಲ್ಲಿ ಜೊಳ್ಳೇ ಬಹಳ. ಮೇಲಾಗಿ ನಾನು ಅಭ್ಯಾಸಬಲದಿಂದ ಕೋಕೋಪಿಟ್ ಒಳಗೆ ಒತ್ತಿ ಮುಚ್ಚಿದ್ದೆ. ಈ ಬೀಜಕ್ಕೆ ಬೆಳಕು ಬೇಕು, ಟ್ರೇ ಮೇಲೆ ಉದುರಿಸಿ ಬಿಡಬೇಕು ಅಷ್ಟೇ. ಎರಡನೇ ಸಲ ಬ್ಲೀಚಿಂಗ್ ದ್ರಾವಣದಲ್ಲಿ ತೊಳೆದು, ದ್ರಾಕ್ಷಿಯವರು ಹೊಡೆಯುವ ಜಿಬ್ಬರೆಲಿಕ್ ಅನ್ನುವ ಬೆಳವಣಿಗೆಯ ಔಷಧಿಯಲ್ಲಿ ನೆನೆಸಿದೆ. ಅರ್ಧಕ್ಕಿಂತ ಹೆಚ್ಚು ಹುಟ್ಟಿತು. ಎಷ್ಟು ಹೊತ್ತು ನೆನೆಸಿದೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಆ ಸಸಿಗಳನ್ನು ಒಯ್ದು ಎರೆ ಹೊಲದಲ್ಲಿ ನೆಟ್ಟದ್ದು ನನ್ನ ಜೀವನದ ದೊಡ್ಡ ದಡ್ಡತನ. ಒಳ್ಳೆ ಭೂಮಿ ಅಂತ ಆಸೆಪಟ್ಟೆ. ಎರಡು ದಿನ ಜಡಿಮಳೆ ಹಿಡಿದು ನೀರು ನಿಂತದ್ದೇ ತಡ, ಬೇರು ಕೊಳೆತು ಸಾಲುಸಾಲೇ ಮಲಗಿದವು. ಉಳಿದಿದ್ದನ್ನು ಕಳೆ ತೆಗೆಯಲು ಬಂದ ಹೆಣ್ಣಾಳುಗಳು ಕಿತ್ತು ಒಗೆದರು. ಕಾಂಗ್ರೆಸ್ ಕಸ ಮಾತ್ರ ಹಚ್ಚಗೆ ನಿಂತಿತ್ತು! "ಅಣ್ಣಾರ, ಹಸರ ಇದ್ದದ್ದು ಬೆಳಿ ಅಂತ ಬಿಟ್ಟೀವ್ರಿ" ಅಂದರು. ಸುಮಾರು ನಲವತ್ತು ಸಾವಿರ ರೂಪಾಯಿ ಅಲ್ಲೇ ಹೋಯಿತು.

ಮುಂದಿನ ವರ್ಷ ಗುಡ್ಡದ ಬುಡದ ಮಸಾರಿ, ಗರಸು ಜಾಸ್ತಿ ಇರುವ ಅರ್ಧ ಎಕರೆ. ಸಜ್ಜೆ ಕೂಡ ಸರಿಯಾಗಿ ಬಾರದ ನೆಲ. ಆರು ಸಾವಿರ ಸಸಿಯಲ್ಲಿ ನಾಲ್ಕು ಸಾವಿರ ಉಳಿದವು. ಮೊದಲ ಬೇಸಿಗೆಗೆ ಡ್ರಿಪ್‌ನಲ್ಲಿ ನೀರು ಕೊಟ್ಟೆ, ಆಮೇಲೆ ದೀಪಾವಳಿಯಿಂದ ಶಿವರಾತ್ರಿವರೆಗೆ ಪೂರ್ತಿ ಬಂದ್. ಚಳಿಗೆ ಬೆಳವಣಿಗೆ ನಿಂತಾಗಲೇ ತೊಗಟೆಯಲ್ಲಿ ರಬ್ಬರ್ ಕೂಡುವುದು. ನಮ್ಮ ಚಳಿ ಅಲ್ಲಿಯ ಮರುಭೂಮಿಯ ಚಳಿಯಷ್ಟು ಕಚ್ಚುವುದಿಲ್ಲ, ಹಾಗಾಗಿ ಬಾಯಾರಿಕೆಯಿಂದಾದರೂ ಗಿಡವನ್ನು ಸತಾಯಿಸಿದೆ. ಪರೀಕ್ಷೆಗೆ ಕಳಿಸಿದ ಒಣ ಕಟ್ಟಿಗೆಯಲ್ಲಿ ನಾಲ್ಕೂವರೆ ಪರ್ಸೆಂಟ್ ಬಂತು. ಹೊರಗಿನವರು ಏಳೆಂಟು ತೆಗೆಯುತ್ತಾರೆ. ಇರಲಿ, ಅವರಿಗೆ ಕುಷ್ಟಗಿಯ ಬಿಸಿಲಿಲ್ಲ.

ಇದು ಕೇರಳದ ಮರವಲ್ಲ, ಗೀರಿದರೆ ಹಾಲು ಸುರಿಯುವುದಿಲ್ಲ. ರಬ್ಬರ್ ತೊಗಟೆಯ ಕಣಕಣದೊಳಗೆ ಕೂತಿರುತ್ತದೆ, ಇಡೀ ಗಿಡ ಅರೆಯಲೇಬೇಕು. ಮೊದಲು ಮನೆಯ ದೋಸೆ ಹಿಟ್ಟಿನ ಗ್ರೈಂಡರಿಗೆ ಹಾಕಿದೆ. ಕಲ್ಲಿಗೆ ನಾರು ಸುತ್ತಿ ಮೋಟರ್ ಸುಟ್ಟಿತು. ಅವ್ವ ಎರಡು ದಿನ ಮಾತಾಡಲಿಲ್ಲ, ಹೊಸದು ತಂದ ಮೇಲೇ ಸಮಾಧಾನ. ಆಮೇಲೆ ಇಪ್ಪತ್ತೆಂಟು ಸಾವಿರಕ್ಕೆ ಹಳೇ ಕಾಂಕ್ರೀಟ್ ಮಿಕ್ಸರ್ ತಂದು, ತುಂಗಭದ್ರೆಯ ದಂಡೆಯ ಉರುಟು ಕಲ್ಲು ತುಂಬಿಸಿದೆ. ಬೆಲ್ಲದ ಕೊಪ್ಪರಿಗೆಯಲ್ಲಿ ಕುದಿಸಿ ಎಲೆ ಉದುರಿಸಿದ ಕಟ್ಟಿಗೆಯನ್ನು ಚೂರು ಮಾಡಿ, ನೀರು ಹಾಕಿ ತಿರುಗಿಸಿದರೆ ಮುಕ್ಕಾಲು ತಾಸಿಗೆ ರಬ್ಬರ್ ಹುಳದ ಹಾಗೆ ಸುರುಳಿ ಕಟ್ಟುತ್ತದೆ. ತೊಟ್ಟಿಗೆ ಸುರಿದರೆ ಹುಳ ತೇಲುತ್ತವೆ, ಹಿಪ್ಪೆ ಮುಳುಗುತ್ತದೆ. ನೂರು ವರ್ಷದ ಹಿಂದೆ ಮೆಕ್ಸಿಕೋದ ಗಿರಣಿಗಳಲ್ಲೂ ಇದೇ ಪದ್ಧತಿ, ಮಿಕ್ಸರ್ ಒಂದು ನನ್ನದು.

ಕಾಟ ಕೊಟ್ಟದ್ದು ತೊಗಟೆಯ ಹೊರಪದರ. ಅದೂ ಬೆಂಡಿನ ಹಾಗೆ ತೇಲಿ ರಬ್ಬರಿನ ಜೊತೆ ಬೆರೆಯುತ್ತದೆ. ಅದಕ್ಕೆ ಒತ್ತಡದಲ್ಲಿ ನೀರು ಕುಡಿಸಿ ಮುಳುಗಿಸಬೇಕು. ನಾನು ಯಾವ ಡಬ್ಬಿಯಲ್ಲಿ, ಎಷ್ಟು ಒತ್ತಡದಲ್ಲಿ ಮಾಡಿದೆ ಅಂತ ತೋಟಕ್ಕೆ ಬಂದವರೆಲ್ಲ ಕೇಳಿದ್ದಾರೆ, ಚಹಾ ಕುಡಿಸಿ ಕಳಿಸಿದ್ದೇನೆ. ಇನ್ನೊಂದು ಮಾತು: ಕಡಿದು ಒಟ್ಟಬೇಡಿ. ಮೊದಲ ಮೂಟೆಗಳನ್ನು ತಿಂಗಳು ಬಿಸಿಲಿಗೆ ಬಿಟ್ಟು ನೋಡಿದರೆ ರಬ್ಬರ್ ಹೋಗಿ ಜಿಗುಟು ಅಂಟು ಉಳಿದಿತ್ತು. ಅಂದು ಕಡಿದದ್ದು ಅಂದೇ ಕೊಪ್ಪರಿಗೆಗೆ.

ನಡುವೆ ಹಸಿ ಟೊಂಗೆ ರುಬ್ಬಿ ಹಾಲು ತೆಗೆಯುವ ಹುಚ್ಚೂ ಹತ್ತಿತ್ತು. ಡೇರಿಯ ಕೆನೆ ತೆಗೆಯುವ ಮಷಿನ್‌ಗೆ ಹಾಕಿದೆ. ಒಂದು ಚಮಚ ಕೆನೆ ಬಂತು, ಆಮೇಲೆ ಬಟ್ಟಲುಗಳೆಲ್ಲ ಕಟ್ಟಿಕೊಂಡವು. ಮಷಿನ್ ಸ್ನೇಹಿತನದು, ಆ ವಿಷಯ ಬಿಡಿ.

ಎಲ್ಲ ಸೇರಿ ಎರಡು ಟನ್‌ಗೆ ಸ್ವಲ್ಪ ಕಡಿಮೆ ಒಣ ಗಿಡ, ಅದರಲ್ಲಿ ನಲವತ್ತು ಕೆಜಿ ಆಸುಪಾಸು ರಬ್ಬರ್. ಅರ್ಧದಷ್ಟು ಹಿಪ್ಪೆಯಲ್ಲೇ ಹೋಗಿರಬೇಕು. ಹೊಸಪೇಟೆಯ ಟೈರ್ ರಿಟ್ರೆಡ್ಡಿಂಗ್‌ನವರು ಮುಟ್ಟಿ ನೋಡಿ "ಅಂಟಾಗೈತ್ರಿ, ಬ್ಯಾಡ" ಅಂದರು. ಆ ಅಂಟಿಗೆ ಕಾರಣವಾದ ರಾಳವನ್ನು ಅಸಿಟೋನ್‌ನಲ್ಲಿ ನೆನೆಸಿ ತೆಗೆದ ಮೇಲೆ ಮೂವತ್ತೆರಡು ಕೆಜಿ ಉಳಿಯಿತು. ಅದನ್ನು ಬೇರೆ ರಬ್ಬರಿನಲ್ಲಿ ಬೆರೆಸಿ ನೋಡಿ, ಕೆಜಿಗೆ ನೂರಿಪ್ಪತ್ತರ ಹಾಗೆ ಅವರೇ ತಗೊಂಡರು. ನಾಲ್ಕು ಸಾವಿರವೂ ಆಗಲಿಲ್ಲ. ಒಣಗಿದ ಹಿಪ್ಪೆ ಒಂದೂವರೆ ಟನ್, ಗಂಗಾವತಿಯ ಅಕ್ಕಿ ಮಿಲ್ಲಿನ ಬಾಯ್ಲರಿಗೆ ಕೆಜಿಗೆ ನಾಲ್ಕು ರೂಪಾಯಿ: ಆರು ಸಾವಿರ! ರಾಳ ಇನ್ನೂ ಅಂಟಿಕೊಂಡಿರುವುದರಿಂದ ಬೆಂಕಿ ಜೋರು ಬರುತ್ತದೆ ಅಂತ ಫೈರ್‌ಮನ್ ಮತ್ತೆ ಕೇಳಿದ.

ಆರೇಳು ಕೆಜಿ ರಾಳವನ್ನು ನಾನು ಮಾರಲಿಲ್ಲ. ಬೇಲಿಯ ಇಪ್ಪತ್ತು ಜಾಲಿ ಗೂಟಕ್ಕೆ ಬಳಿದು, ಇಪ್ಪತ್ತು ಹಾಗೇ ನಿಲ್ಲಿಸಿದೆ. ವರ್ಷದ ಮೇಲೆ ಬಳಿಯದ ಗೂಟಗಳನ್ನು ಗೆದ್ದಲು ಟೊಳ್ಳು ಮಾಡಿತ್ತು, ಬಳಿದವುಗಳಲ್ಲಿ ಎರಡಕ್ಕೆ ಮಾತ್ರ ಬಾಯಿ ಹಾಕಿತ್ತು. ಕಿನ್ನಾಳದ ಮರದ ಗೊಂಬೆ ಮಾಡುವವರೊಬ್ಬರಿಗೆ ಸಣ್ಣ ಬಾಟಲಿ ರಾಳ ಕೊಟ್ಟಿದ್ದೇನೆ. ವಾಸನೆ ಬಹಳ ಅಂದಿದ್ದಾರೆ, ನೋಡೋಣ.

ಒಟ್ಟು ಖರ್ಚು ಒಂದೂವರೆ ಲಕ್ಷ ದಾಟಿರಬೇಕು, ಮನೆಯಲ್ಲಿ ಎಪ್ಪತ್ತು ಸಾವಿರ ಅಂದಿದ್ದೇನೆ. ಅರ್ಧ ಹೊಲ ಬೇರುಸಮೇತ ಕಿತ್ತಿದ್ದೆ, ಉಳಿದರ್ಧ ನೆಲದಿಂದ ಗೇಣು ಮೇಲೆ ಕೊಯ್ದಿದ್ದೆ. ಮೊನ್ನೆ ಮೃಗಶಿರ ಮಳೆಗೆ ಆ ಕೂಳೆ ಚಿಗುರಿದೆ. ಕಾಕಾ ಬದುವಿನ ಮೇಲಿಂದ ಎಣಿಸಿಕೊಂಡು ಹೋದರು, ಏನೂ ಅನ್ನಲಿಲ್ಲ.