ಕನ್ನಂಬಾಡಿ ಕಟ್ಟೆಯ ಪ್ರಶ್ನೆಯನ್ನು ಲೋಕಸಭೆಗೆ ಒಯ್ದ ಬಗೆ

ಲೋಕಸಭಾ ಸದಸ್ಯರೊಬ್ಬರಿಗೆ ಪ್ರಶ್ನೆಗಳನ್ನೂ ಭಾಷಣದ ಟಿಪ್ಪಣಿಗಳನ್ನೂ ಸಿದ್ಧಪಡಿಸಿಕೊಡುವುದು ನನ್ನ ಕೆಲಸ. ಅವರು ಯಾರು, ಯಾವ ಪಕ್ಷದವರು ಎಂಬುದು ಇಲ್ಲಿ ಮುಖ್ಯವಲ್ಲ. ಮಂಡ್ಯ ಸೀಮೆಯಿಂದ ನಮಗೆ ಬರುವ ದೂರುಗಳಲ್ಲಿ ಕಲ್ಲು ಗಣಿಗಾರಿಕೆಯದೇ ಒಂದು ದಪ್ಪ ಕಡತವಿದೆ. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಸುತ್ತಲಿನ ರೈತರು ಹೇಳುವುದರಲ್ಲಿ ಎರಡು ಸಂಗತಿಗಳು ಸದಾ ಹೆಣೆದುಕೊಂಡಿರುತ್ತವೆ: ಸರ್ಕಾರಕ್ಕೆ ಸಲ್ಲಬೇಕಾದ ರಾಜಧನ ಕಟ್ಟದೆ ಕಲ್ಲು ಸಾಗುತ್ತಿದೆ, ಅದಕ್ಕೆ ಒಳಗಿನವರ ಕೃಪೆಯಿದೆ ಎಂಬ ಆರೋಪ ಒಂದು, ಬಂಡೆ ಸಿಡಿಸುವಾಗಿನ ಅದುರಿಗೆ ಕೃಷ್ಣರಾಜಸಾಗರಕ್ಕೆ, ಅಂದರೆ ಕನ್ನಂಬಾಡಿ ಕಟ್ಟೆಗೆ, ಧಕ್ಕೆಯಾದೀತು ಎಂಬ ಆತಂಕ ಇನ್ನೊಂದು. 1911ರಲ್ಲಿ ಕೆಲಸ ಆರಂಭವಾದ, ಸಿಮೆಂಟಿನ ಬದಲು ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಿಂದ ಕಟ್ಟಿದ, 49 ಟಿಎಂಸಿಗೂ ಹೆಚ್ಚು ನೀರು ಹಿಡಿಯುವ ಆ ಕಟ್ಟೆಯ ಕೆಳಗೆ ವಿಶ್ವೇಶ್ವರಯ್ಯ ನಾಲೆಯನ್ನೇ ನಂಬಿ ಬದುಕುವವರಿಗೆ ಈ ಎರಡೂ ಒಂದೇ ಮಾತು. ಆದರೆ ಸದನದಲ್ಲಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಎರಡೂ ಬಿದ್ದುಹೋಗುತ್ತವೆ.

ಇದಕ್ಕೆ ಕಾರಣ ಕಾನೂನಿನಲ್ಲಿದೆ. ಕಟ್ಟಡದ ಕಲ್ಲು ಉಪಖನಿಜ. 1957ರ ಗಣಿ ಮತ್ತು ಖನಿಜ ಕಾಯ್ದೆಯ 15ನೇ ಸೆಕ್ಷನ್ನಿನಂತೆ ಅದರ ನಿಯಮ ರೂಪಿಸುವ ಅಧಿಕಾರ ರಾಜ್ಯ ಸರ್ಕಾರದ್ದು. ಕೇಂದ್ರದ ಹೊಣೆಗೆ ಸೇರದ ವಿಷಯವನ್ನು ಲೋಕಸಭೆಯಲ್ಲಿ ಪ್ರಶ್ನೆಯಾಗಿ ಅಂಗೀಕರಿಸುವುದಿಲ್ಲ. ಅಣೆಕಟ್ಟೆಯ ಸುರಕ್ಷತೆಯ ಮಾತು ಬೇರೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಸಂಸತ್ತೇ ಮಾಡಿದ್ದು, ರಾಷ್ಟ್ರೀಯ ಪ್ರಾಧಿಕಾರವೊಂದು ಅದರಡಿಯಲ್ಲೇ ಹುಟ್ಟಿದ್ದು. ಹೀಗಾಗಿ ನಾನು ಕಡತವನ್ನು ಎರಡಾಗಿ ಒಡೆದೆ. ರಾಜಧನ, ಪರವಾನಗಿ, ಲಾರಿಗಳಿಗೆ ಸಂಬಂಧಿಸಿದ್ದೆಲ್ಲ ವಿಧಾನಸಭೆಯಲ್ಲಿ ಕೇಳಬೇಕಾದ್ದೆಂದು ಶಾಸಕರೊಬ್ಬರ ಕಚೇರಿಗೆ ಹೋಯಿತು. ಕಟ್ಟೆಯ ತಪಾಸಣೆ, ದುರಸ್ತಿ, ಅದಕ್ಕೆ ಖರ್ಚಾದ ಹಣ ಇವು ನಮ್ಮಲ್ಲಿ ಉಳಿದವು. ಭ್ರಷ್ಟಾಚಾರದ ಪ್ರಶ್ನೆ ಇಲ್ಲಿ ಬಿಟ್ಟುಹೋಯಿತೆಂದು ಕೆಲವು ರೈತ ಮುಖಂಡರು ಬೇಸರಪಟ್ಟರು. ದುರಸ್ತಿಗೆ ಬಿಡುಗಡೆಯಾದ ಹಣದ ಲೆಕ್ಕ ಕೇಳುವುದೂ ಭ್ರಷ್ಟಾಚಾರದ ಪ್ರಶ್ನೆಯೇ ಎಂದು ಅವರಿಗೆ ಒಪ್ಪಿಸಲು ಸ್ವಲ್ಪ ಕಾಲ ಹಿಡಿಯಿತು.

ಒಂದು ಕರಡನ್ನೇ ತೋರಿಸುತ್ತೇನೆ. ಊರಿನಿಂದ ಬಂದ ಅರ್ಜಿಯಲ್ಲಿ, 'ಅಧಿಕಾರಿಗಳು ಲಂಚ ತಿಂದು ಕಟ್ಟೆಯನ್ನು ಬಲಿಕೊಡುತ್ತಿರುವುದು ಸರ್ಕಾರಕ್ಕೆ ಗೊತ್ತಿದೆಯೇ' ಎಂದಿತ್ತು. ಲೋಕಸಭೆಯ ನಿಯಮದಂತೆ ಪ್ರಶ್ನೆ 150 ಪದಗಳನ್ನು ಮೀರಬಾರದು. ಅದರಲ್ಲಿ ವಾದ, ವ್ಯಂಗ್ಯ, ಆರೋಪ ಇರಬಾರದು. ಹಾಗಾಗಿ ಅರ್ಜಿಯ ಆ ಪ್ರಶ್ನೆ ನೋಟಿಸ್ ಹಂತದಲ್ಲೇ ಸಾಯುತ್ತದೆ. ನಾನು ಬರೆದದ್ದು ಹೀಗೆ: ಕೃಷ್ಣರಾಜಸಾಗರದಲ್ಲಿ ಮುಂಗಾರಿಗೆ ಮುನ್ನ ಮತ್ತು ಮುಂಗಾರಿನ ನಂತರ ನಡೆಯಬೇಕಾದ ತಪಾಸಣೆಗಳು ಯಾವ ಯಾವ ದಿನಾಂಕಗಳಂದು ನಡೆದವು, ಅವುಗಳಲ್ಲಿ ಸೂಚಿಸಿದ ದುರಸ್ತಿಗಳಲ್ಲಿ ಬಾಕಿ ಇರುವುವೆಷ್ಟು, ಬಿಡುಗಡೆಯಾದ ಹಣವೆಷ್ಟು, ಖರ್ಚಾದದ್ದೆಷ್ಟು, ಕಾಯ್ದೆ ಜಾರಿಯಾದ ಐದು ವರ್ಷಗಳೊಳಗೆ ಸ್ವತಂತ್ರ ತಜ್ಞರಿಂದ ಆಗಬೇಕಾದ ಸಮಗ್ರ ಸುರಕ್ಷತಾ ಮೌಲ್ಯಮಾಪನ ಯಾವ ಹಂತದಲ್ಲಿದೆ. ಓದಲು ಸಪ್ಪೆ. ಆದರೆ ಇದರಲ್ಲಿ 'ಹೌದು' ಅಥವಾ 'ಇಲ್ಲ' ಎಂದು ಹೇಳಿ ಜಾರಿಕೊಳ್ಳುವಂಥ ಒಂದು ಸಾಲೂ ಇಲ್ಲ.

ಭದ್ರತೆಯ ವಿಷಯದಲ್ಲಿ ಇನ್ನೊಂದು ಅಡ್ಡಿಯಿದೆ. ಮಾಹಿತಿ ಹಕ್ಕಿನಡಿ ಕಟ್ಟೆಯೊಳಗಿನ ಮಾಪನ ಉಪಕರಣಗಳ ನಕ್ಷೆ ಕೇಳಿದವರಿಗೆ ಒಂದು ಕಚೇರಿ 8(1)(ಎ) ಸೆಕ್ಷನ್ ತೋರಿಸಿ, ಭದ್ರತೆಯ ಕಾರಣಕ್ಕೆ ಕೊಡಲಾಗದು ಎಂದು ಹಿಂಬರಹ ಕಳಿಸಿತ್ತು. ನನ್ನ ಅಭಿಪ್ರಾಯದಲ್ಲಿ ಆ ಉತ್ತರ ತಪ್ಪೇನಲ್ಲ. ಅಣೆಕಟ್ಟೆಯ ನಕ್ಷೆ ಕಂಡಕಂಡವರ ಕೈಗೆ ಸಿಗಬೇಕೆಂದು ನಾನೂ ಬಯಸುವುದಿಲ್ಲ. ಆದರೆ ತಪಾಸಣೆಯ ದಿನಾಂಕ, ಟೆಂಡರಿನ ಮೊತ್ತ, ಕಾಮಗಾರಿ ಮುಗಿಯಬೇಕಿದ್ದ ಅವಧಿ, ಇವುಗಳಲ್ಲಿ ಶತ್ರುವಿಗೆ ಉಪಯೋಗವಾಗುವ ಗುಟ್ಟು ಯಾವುದೂ ಇಲ್ಲ. ಗೋಪ್ಯವಾಗಿರಬೇಕಾದ್ದನ್ನು ನಾವೇ ಮುಟ್ಟದೆ ಬಿಟ್ಟರೆ, ಗೋಪ್ಯತೆಯ ಹೆಸರಿನಲ್ಲಿ ಹಣದ ಲೆಕ್ಕವನ್ನು ಮುಚ್ಚಿಡಲು ಇಲಾಖೆಗೆ ನೆಪ ಉಳಿಯುವುದಿಲ್ಲ. 1957ರ ಡಿಸೆಂಬರಿನಲ್ಲಿ ಫಿರೋಜ್ ಗಾಂಧಿ ಮುಂಧ್ರಾ ಹಗರಣವನ್ನು ಲೋಕಸಭೆಯಲ್ಲಿ ಎತ್ತಿದಾಗಲೂ ಬಲ ಇದ್ದದ್ದು ಷೇರು ಖರೀದಿಯ ದಿನಾಂಕ ಮತ್ತು ಬೆಲೆಯಲ್ಲೇ. ಜೀವ ವಿಮಾ ನಿಗಮವು ಮಾರುಕಟ್ಟೆ ದರಕ್ಕಿಂತ ಹೆಚ್ಚಿನ ಬೆಲೆಗೆ ಉದ್ಯಮಿ ಮುಂಧ್ರಾ ಅವರ ಕಂಪನಿಗಳ ಷೇರು ಕೊಂಡಿತ್ತೆಂಬುದನ್ನು ಮುಂದಿಟ್ಟ ಫಿರೋಜ್ ಗಾಂಧಿ ಆಡಳಿತ ಪಕ್ಷದವರೇ. ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ಮುಂದಿನ ಫೆಬ್ರವರಿಯಲ್ಲಿ ರಾಜೀನಾಮೆ ಕೊಡಬೇಕಾಯಿತು.

ದಾಖಲೆಗಳನ್ನು ತಂದುಕೊಡುವವರ ಬಗ್ಗೆ ಒಂದು ಮಾತು. ಅವರಲ್ಲಿ ಎಲ್ಲರೂ ರೈತರಲ್ಲ. ಒಬ್ಬ ರೈತ ಶಾಲಾ ಮಕ್ಕಳ ನೋಟ್ ಪುಸ್ತಕದಲ್ಲಿ ಲಾರಿ ಸಂಖ್ಯೆ, ಹಾದುಹೋದ ಗಂಟೆ ಬರೆದಿಟ್ಟಿದ್ದ. ರವಾನೆ ಪರವಾನಗಿಯ ಪ್ರತಿಯ ಪಕ್ಕದಲ್ಲಿ ಅದನ್ನಿಟ್ಟಾಗ, ಒಂದು ಸಾಗಣೆಗೆ ಕೊಟ್ಟ ಪರವಾನಗಿಯ ಅವಧಿಯೊಳಗೆ ಅದೇ ಲಾರಿ ಮತ್ತೆ ತುಂಬಿಕೊಂಡು ಹೋದದ್ದು ಕಾಣುತ್ತಿತ್ತು. ವಿಧಾನಸಭೆಗೆ ಕಳಿಸಿದ ಕಡತದಲ್ಲಿ ಅದಕ್ಕಿಂತ ಗಟ್ಟಿಯಾದ ಹಾಳೆ ಇರಲಿಲ್ಲ. ಇನ್ನು ಕೆಲವು ಕಡತಗಳು ಅಚ್ಚುಕಟ್ಟಾಗಿ ಬೈಂಡ್ ಆಗಿ ಬರುತ್ತವೆ, ಪ್ರತಿಸ್ಪರ್ಧಿ ಕ್ವಾರಿಯವರಿಂದ. ಅಂಥವನ್ನು ಓದುವಾಗ ಯಾರ ಹೆಸರಿದೆ ಎನ್ನುವುದಕ್ಕಿಂತ ಯಾರ ಹೆಸರು ಬಿಟ್ಟುಹೋಗಿದೆ ಎಂದು ನೋಡುತ್ತೇನೆ. ಪ್ರಶ್ನೆ ಕೇಳಲು ಹಣ ಪಡೆದರೆಂದು 2005ರಲ್ಲಿ 11 ಸಂಸದರು ಸ್ಥಾನ ಕಳೆದುಕೊಂಡರು. ಲಂಚ ಪಡೆದು ಸದನದಲ್ಲಿ ಮಾತನಾಡಿದವರಿಗೆ ವಿಶೇಷಾಧಿಕಾರದ ರಕ್ಷಣೆಯಿಲ್ಲ ಎಂದು 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠವೇ ಹೇಳಿದೆ. ಹಾಗಾಗಿ ಯಾರಿಂದ ಏನು ಬಂತೆಂಬುದನ್ನು ಬರೆದಿಟ್ಟುಕೊಳ್ಳುವುದು ಸದಸ್ಯರ ರಕ್ಷಣೆಗೂ ಬೇಕು.

ಲಿಖಿತ ಪ್ರಶ್ನೆಯಲ್ಲದೆ, ತುರ್ತು ವಿಷಯಗಳನ್ನು ಎತ್ತುವ ಶೂನ್ಯ ವೇಳೆಯಲ್ಲೂ ನಮ್ಮ ಸದಸ್ಯರು ಇದರ ಬಗ್ಗೆ ಮಾತನಾಡಿದರು. ಆ ಮಾತಿಗೆ ಬೇರೆ ಎಚ್ಚರಿಕೆಗಳು ಬೇಕಾದವು. ಲೋಕಸಭೆಯ 353ನೇ ನಿಯಮದಂತೆ, ಮುಂಚಿತವಾಗಿ ಸಭಾಧ್ಯಕ್ಷರಿಗೂ ಸಚಿವರಿಗೂ ತಿಳಿಸದೆ ಯಾರ ಮೇಲೂ ಮಾನಹಾನಿಯ ಆರೋಪ ಮಾಡುವಂತಿಲ್ಲ. ಮಾಡಿದರೆ ಆ ಮಾತನ್ನು ಸದನದ ನಡಾವಳಿಯಿಂದ ತೆಗೆದುಹಾಕುತ್ತಾರೆ. ನ್ಯಾಯಾಲಯದ ಮುಂದಿರುವ ಸಂಗತಿಯನ್ನೂ ಎತ್ತುವಂತಿಲ್ಲ. ಕಟ್ಟೆಯ 20 ಕಿಲೋಮೀಟರ್ ವ್ಯಾಪ್ತಿಯ ಗಣಿಗಾರಿಕೆಗೆ ಕರ್ನಾಟಕ ಹೈಕೋರ್ಟ್ 2024ರ ಜನವರಿಯಲ್ಲಿ ತಡೆ ಹಾಕಿದ್ದು ಸಾರ್ವಜನಿಕ ಸಂಗತಿಯೇ ಆದರೂ, ಅದರ ತಪ್ಪು ಸರಿಗಳಿಗೆ ನಾವು ಹೋಗಲಿಲ್ಲ. ಕಾಯ್ದೆಯು ಅಣೆಕಟ್ಟೆಯ ಮಾಲೀಕನ ಮೇಲೆ ಹೊರಿಸಿರುವ ಕರ್ತವ್ಯಕ್ಕಷ್ಟೇ ಅಂಟಿಕೊಂಡೆವು. ಹೆಸರುಗಳನ್ನೆಲ್ಲ ಹೊಡೆದುಹಾಕಿದೆ. ಸಂವಿಧಾನದ 105ನೇ ವಿಧಿಯ ರಕ್ಷಣೆ ಸದನದೊಳಗಿನ ಮಾತಿಗೆ ಮಾತ್ರ, ಹೊರಗೆ ಬಂದು ಟಿವಿ ಮೈಕಿನ ಮುಂದೆ ಅದನ್ನೇ ಹೇಳಿದರೆ ಇಲ್ಲ ಎಂಬುದನ್ನು ಸದಸ್ಯರಿಗೆ ಮತ್ತೊಮ್ಮೆ ನೆನಪಿಸಿದೆ. ಅವರು ಕನ್ನಡದಲ್ಲೇ ಮಾತನಾಡಿದರು. ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದ ಕಾಲದಲ್ಲಿ ಅದೇ ಸುದ್ದಿಯಾಗಿತ್ತು. ಈಗ ಭಾಷಾಂತರದ ಏರ್ಪಾಡಿದೆ, ಮೊದಲೇ ತಿಳಿಸಿದರಾಯಿತು. ಎದುರು ಸಾಲಿನಿಂದ 'ಇದು ರಾಜ್ಯದ ವಿಷಯ' ಎಂಬ ಕೂಗು ಎದ್ದಾಗ, ಅವರು ಸ್ವರ ಏರಿಸದೆ ಕಾಯ್ದೆಯ ಹೆಸರನ್ನೂ ವರ್ಷವನ್ನೂ ಹೇಳಿ ಮುಂದಿನ ವಾಕ್ಯಕ್ಕೆ ಹೋದರು.

ಲಿಖಿತ ಉತ್ತರದಲ್ಲಿ ತಪಾಸಣೆಯ ದಿನಾಂಕಗಳು ಬಂದವು. ಹಣದ ಭಾಗಕ್ಕೆ ಮಾತ್ರ 'ಮಾಹಿತಿ ಸಂಗ್ರಹಿಸಲಾಗುತ್ತಿದೆ' ಎಂದಿತ್ತು. ಇದನ್ನು ಓದಿ ಊರಿನವರು ನಿರಾಶರಾದರು, ನನಗೆ ಹಾಗೆನಿಸಲಿಲ್ಲ. ಸಂಸದೀಯ ಲೆಕ್ಕದಲ್ಲಿ ಆ ವಾಕ್ಯ ಒಂದು ಭರವಸೆ. ಸಾಮಾನ್ಯವಾಗಿ ಮೂರು ತಿಂಗಳೊಳಗೆ ಅದನ್ನು ಈಡೇರಿಸಬೇಕು, ಈಡೇರಿಸದಿದ್ದರೆ ಸರ್ಕಾರಿ ಭರವಸೆಗಳ ಸಮಿತಿ ಇಲಾಖೆಯ ಬೆನ್ನು ಹತ್ತುತ್ತದೆ. ಸಮಿತಿಗೆ ಬರೆಯುವ ಪತ್ರದ ಕರಡನ್ನು ಉತ್ತರದ ಪ್ರತಿಯೊಂದಿಗೇ ಲಗತ್ತಿಸಿ, ಒಂದನ್ನು ಸದಸ್ಯರ ಮೇಜಿಗೂ ಒಂದನ್ನು ಪಾಂಡವಪುರದ ಅರ್ಜಿದಾರರಿಗೂ ಕಳಿಸಿದ್ದೇನೆ.